ನದಿಯ ಜಾಡಿನಲ್ಲಿ ಒಂದು ಹೆದ್ದಾರಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿಂಟರ್ಸ್ ಪಟ್ಟಣದಿಂದ ಪೆಸಿಫಿಕ್ ಕರಾವಳಿಯವರೆಗೆ ಸಾಗುವ ರಾಜ್ಯ ಹೆದ್ದಾರಿ 128ರ ಉದ್ದ ಸುಮಾರು 225 ಕಿ.ಮೀ. ಇದರಲ್ಲಿ ಹೆಚ್ಚು ಸ್ವಾರಸ್ಯವಿರುವುದು ಕ್ಲೋವರ್‌ಡೇಲ್ ದಾಟಿದ ಮೇಲೆ, ಆಂಡರ್ಸನ್ ಕಣಿವೆಯನ್ನು ಹಾದು ಕಡಲು ಮುಟ್ಟುವ ಭಾಗದಲ್ಲಿ. ಹೆದ್ದಾರಿ ಎಂದರೂ ಇರುವುದು ಎರಡೇ ಪಥ. ನಮ್ಮ ಘಟ್ಟದ ರಸ್ತೆಗಳನ್ನು ಕಂಡವರಿಗೆ ಇದರ ತಿರುವುಗಳು ಹೊಸತಲ್ಲ.

ಯಾರ್ಕ್‌ವಿಲ್, ಬೂನ್‌ವಿಲ್, ಫಿಲೋ, ನವಾರೋ ಈ ದಾರಿಯಲ್ಲಿ ಸಿಗುವ ಊರುಗಳು. ಅವುಗಳಲ್ಲಿ ದೊಡ್ಡದಾದ ಬೂನ್‌ವಿಲ್‌ನ ಜನಸಂಖ್ಯೆಯೇ ಸಾವಿರದ ಆಸುಪಾಸು. ಅಲ್ಲಿ ಹೆದ್ದಾರಿಯೇ ಪೇಟೆಬೀದಿ. ಅಂಗಡಿ, ಹೋಟೆಲು, ಜಾತ್ರೆ ಮೈದಾನ ಎಲ್ಲ ಅದರ ಮಗ್ಗುಲಲ್ಲೇ. ಆದರೆ ಬೀದಿಯ ಒಡೆತನ ಊರಿನದಲ್ಲ, ರಾಜ್ಯದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನದು. ಜನ ದಾಟಲು ರಸ್ತೆಗೆ ಬಿಳಿ ಪಟ್ಟೆ ಬಳಿಯಬೇಕಿದ್ದರೂ ಅದರ ಒಪ್ಪಿಗೆ ಬೇಕು.

ಒಂದು ಕಾಲಕ್ಕೆ ಕುರಿ, ಸೇಬು, ಬಿಯರಿಗೆ ಬಳಸುವ ಹಾಪ್ಸ್ ಮತ್ತು ಮರಮುಟ್ಟು ಈ ಕಣಿವೆಯ ಬದುಕಾಗಿದ್ದವು. ಈಗ ಮುಂದಿರುವುದು ದ್ರಾಕ್ಷಿ. ಇಲ್ಲಿನ ಹುಶ್ ವೈನರಿ 1971ರಲ್ಲಿ ಶುರುವಾಯಿತು. 1983ರಲ್ಲಿ ಕಣಿವೆಗೆ ಪ್ರತ್ಯೇಕ ದ್ರಾಕ್ಷಿ ಪ್ರದೇಶವೆಂಬ ಅಧಿಕೃತ ಮಾನ್ಯತೆ ಸಿಕ್ಕಿತು. ದ್ರಾಕ್ಷಿ ಇಲ್ಲಿ ಒಗ್ಗಲು ಕಾರಣ ಕಡಲ ಮಂಜು. ನವಾರೋ ನದಿ ಕೊರೆದ ಸಂದಿಯಲ್ಲೇ ಅದು ಒಳನಾಡಿಗೆ ನುಗ್ಗಿ ಬೇಸಿಗೆಯ ಕಾವನ್ನು ತಗ್ಗಿಸುತ್ತದೆ. ಹಣ್ಣು ನಿಧಾನವಾಗಿ ಮಾಗಿ ಹುಳಿ ಉಳಿಸಿಕೊಳ್ಳುತ್ತದೆ. ತಂಪು ಬಯಸುವ ಪಿನೋ ನ್ವಾರ್ ತಳಿಗೆ ಬೇಕಾದದ್ದೂ ಅದೇ. ತೋಟಗಳ ದುಡಿಮೆ ಬಹುಪಾಲು ಮೆಕ್ಸಿಕೋ ಮೂಲದ ಕುಟುಂಬಗಳದು. ವೈನ್ ಹುಡುಕಿ ಬರುವ ಪ್ರವಾಸಿಗರ ಕಣ್ಣಿಗೆ ಅವರು ಬೀಳುವುದು ಕಡಿಮೆ. ಸೇಬು ಪೂರ್ತಿ ಮರೆಯಾಗಿಲ್ಲ: ಸೆಪ್ಟೆಂಬರಿನಲ್ಲಿ ಬೂನ್‌ವಿಲ್‌ನಲ್ಲಿ ನಡೆಯುವ ಕೌಂಟಿ ಜಾತ್ರೆಯ ಹೆಸರಿನಲ್ಲೇ ಸೇಬಿನ ಪ್ರದರ್ಶನ ಸೇರಿಕೊಂಡಿದೆ.

ನವಾರೋ ಊರು ದಾಟಿದ ಮೇಲೆ ರಸ್ತೆ ನವಾರೋ ನದಿಯ ದಂಡೆ ಹಿಡಿದು ಮುಗಿಲೆತ್ತರದ ರೆಡ್‌ವುಡ್ ಮರಗಳ ನಡುವೆ ಸಾಗುತ್ತದೆ. ನೋಡಲು ಇದಕ್ಕಿಂತ ಚೆಲುವಾದ ಭಾಗವಿಲ್ಲ, ನೆಚ್ಚಿಕೊಳ್ಳಲು ಇದಕ್ಕಿಂತ ಕಷ್ಟದ್ದೂ ಇಲ್ಲ. ಚಳಿಗಾಲವೇ ಇಲ್ಲಿನ ಮಳೆಗಾಲ; ಜೋರು ಮಳೆಗೆ ನದಿ ಉಕ್ಕಿ ರಸ್ತೆಯ ಮೇಲೆ ಹರಿಯುತ್ತದೆ. ವಿಚಿತ್ರವೆಂದರೆ, ಮಳೆ ಇಲ್ಲದಾಗಲೂ ರಸ್ತೆ ಮುಳುಗುವುದುಂಟು. ನದಿ ಸೊರಗಿದಾಗ ಕಡಲ ಅಲೆಗಳು ಅಳಿವೆಗೆ ಅಡ್ಡಲಾಗಿ ಮರಳಿನ ದಿಬ್ಬ ಕಟ್ಟುತ್ತವೆ. ಹೊರದಾರಿ ಕಾಣದ ನೀರು ಹಿಂದಕ್ಕೆ ತುಂಬಿಕೊಂಡು ತಗ್ಗಿನ ರಸ್ತೆಗೆ ಏರುತ್ತದೆ. ದಿಬ್ಬ ಒಡೆದ ಮೇಲಷ್ಟೇ ಇಳಿಯುತ್ತದೆ. ಆಗೆಲ್ಲ ಕ್ಯಾಲ್‌ಟ್ರಾನ್ಸ್ ಈ ಭಾಗವನ್ನು ಮುಚ್ಚುತ್ತದೆ. ಕರಾವಳಿಗೆ ಹೋಗಬೇಕಾದವರು ಫ್ಲಿನ್ ಕ್ರೀಕ್ ರಸ್ತೆಗೆ ತಿರುಗಿ, ಕಾಂಪ್ಚಿ ಎಂಬ ಹಳ್ಳಿಯ ಮೇಲೆ ಸುತ್ತು ಹಾಕಬೇಕು.