ವರದಿ ನಾರ್ಮಲ್ ಬಂತೆಂದು ಮಾತ್ರೆ ಬಿಡಬೇಡಿ

ಚೆನ್ನೈನ ಎಗ್ಮೋರ್‌ನಲ್ಲಿ, ಪ್ಯಾಂಥಿಯನ್ ರಸ್ತೆಯಲ್ಲಿ ತಮಿಳುನಾಡು ವೈದ್ಯಕೀಯ ಸೇವಾ ನಿಗಮದ ಕಚೇರಿ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಖರೀದಿಸಿ ತಲುಪಿಸಲೆಂದೇ 1994ರಲ್ಲಿ ಹುಟ್ಟಿದ ಸಂಸ್ಥೆ ಇದು. ಅದು ಪೂರೈಸುವ ಔಷಧಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಕೂಡ ಒಂದು. 2023ರಲ್ಲಿ ಆ ರಾಜ್ಯ ಆರಂಭಿಸಿದ ‘ಇದಯಂ ಕಾಪ್ಪೋಂ’ ಯೋಜನೆಯಲ್ಲಿ, ಎದೆನೋವೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಿಗೆ ಹೃದಯಾಘಾತವಾಗಿದೆ ಅನ್ನಿಸಿದರೆ 14 ಮಾತ್ರೆ ನುಂಗಿಸಿ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ: ಆಸ್ಪಿರಿನ್ 2, ಕ್ಲೋಪಿಡೋಗ್ರೆಲ್ 4, ಅಟೋರ್ವಾಸ್ಟಾಟಿನ್ 8. ಇದು ವೈದ್ಯರೇ ನಿರ್ಧರಿಸಿ ಕೊಡುವ ತುರ್ತು ಡೋಸ್, ಮನೆಯಲ್ಲಿ ಅನುಕರಿಸುವಂಥದ್ದಲ್ಲ. ಅಟೋರ್ವಾಸ್ಟಾಟಿನ್‌ನ ದೊಡ್ಡ ಉಪಕಾರ ಇರುವುದು ಆ ದಿನ ಬರದಂತೆ ವರ್ಷಗಟ್ಟಲೆ ತಡೆಯುವುದರಲ್ಲಿ.

ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲು ಊಟದಿಂದ ಬಂದದ್ದಲ್ಲ, ದೇಹವೇ ತಯಾರಿಸಿದ್ದು. ಯಕೃತ್ತಿನಲ್ಲಿ ಆ ತಯಾರಿಗೆ ಬೇಕಾದ ಒಂದು ಕಿಣ್ವವನ್ನು ಅಟೋರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಗುಂಪಿನ ಮಾತ್ರೆಗಳು ತಡೆಯುತ್ತವೆ. ಕೊರತೆ ಬಿದ್ದ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಅನ್ನು, ಅಂದರೆ ನಾವು ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದನ್ನು, ಹೆಚ್ಚು ಹೆಚ್ಚಾಗಿ ಎಳೆದುಕೊಳ್ಳುತ್ತದೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವುದು ನಿಧಾನವಾಗುತ್ತದೆ. ಈಗಾಗಲೇ ಕೂತದ್ದು ಒಡೆದು ಹೆಪ್ಪುಗಟ್ಟುವ ಭಯವೂ ತಗ್ಗುತ್ತದೆ. 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಆ ಕಿಣ್ವವನ್ನು ತಡೆಯುವ ಗುಣವನ್ನು ಮೊದಲು ಕಂಡದ್ದು ಒಂದು ಬೂಷ್ಟಿನಲ್ಲಿ. ಎಲ್‌ಡಿಎಲ್ ಸುಮಾರು 39 ಅಂಕ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತಗಳು ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತವೆ.

ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಮಾತ್ರೆ ಬೇಕೇ ಬೇಕು. 40 ದಾಟಿದ ಸಕ್ಕರೆ ಕಾಯಿಲೆಯವರಿಗೂ ಸಾಮಾನ್ಯವಾಗಿ ಬೇಕು. ಉಳಿದವರಿಗೆ ವಯಸ್ಸು, ಬಿಪಿ, ಧೂಮಪಾನ, ಮನೆತನದ ಹೃದ್ರೋಗ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದ ಎಲ್‌ಡಿಎಲ್ ಗುರಿ ಇದು: ಅಪಾಯ ಕಡಿಮೆ ಇರುವವರಿಗೆ 100ಕ್ಕಿಂತ ಕೆಳಗೆ, ಹೆಚ್ಚಿರುವವರಿಗೆ 70, ಅತಿ ಹೆಚ್ಚಿರುವವರಿಗೆ 55. ಲ್ಯಾಬ್ ಚೀಟಿಯ ಬದಿಯಲ್ಲಿ ಅಚ್ಚಾದ ‘ನಾರ್ಮಲ್’ ಎಲ್ಲರಿಗೂ ಒಂದೇ; ಸ್ಟೆಂಟ್ ಇರುವವರಿಗೆ ಅದು ಸಾಲದು.

ನನ್ನನ್ನು ಕಾಡುವುದು ಇದರ ಮುಂದಿನ ಹೆಜ್ಜೆ. ಮೂರು ತಿಂಗಳಲ್ಲಿ ಅಂಕಿ ಇಳಿದದ್ದೇ ತಡ, ಎಷ್ಟೋ ಮಂದಿ ಮಾತ್ರೆ ನಿಲ್ಲಿಸುತ್ತಾರೆ. ಇಳಿಸಿದ್ದೇ ಮಾತ್ರೆ. ಬಿಟ್ಟ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಏರುತ್ತದೆ.

ಕೆಲವರಿಗೆ ಮೈಕೈ ನೋವು ಬರಬಹುದು, ಸಕ್ಕರೆ ತುಸು ಏರಬಹುದು. ತೀವ್ರ ಸ್ನಾಯು ನೋವಿನ ಜೊತೆ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಗರ್ಭ ಧರಿಸುವ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಉಳಿದಂತೆ ನೋವೆನಿಸಿದರೆ ನೀವೇ ಬಿಡಬೇಡಿ. ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು, ಕೊಲೆಸ್ಟ್ರಾಲ್ ಇಳಿಸುವ ಇನ್ನೊಂದು ಮಾತ್ರೆ ಎಝೆಟಿಮೈಬ್ ಸೇರಿಸಬಹುದು. ಚೀಟಿ ಬರೆದ ವೈದ್ಯರನ್ನೇ ಕೇಳಿ.