ಕಿತ್ತಳೆ ಬುಟ್ಟಿಯಿಂದ ಎದ್ದ ಶಾಲೆ

"ಎಲ್ಲಕ್ಕೂ ನಸೀಬು ಬೇಕು ಮಾರಾಯ್ರೇ!" ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ, ಸೆಲೂನಿನ ಬೆಂಚಿನಲ್ಲಿ, ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ ದಿನಕ್ಕೆ ಹತ್ತು ಸಲ ಕೇಳುವ ಮಾತಿದು. ಪಕ್ಕದ ಅಂಗಡಿಯವನು ಮಹಡಿ ಕಟ್ಟಿಸಿದರೆ ನಸೀಬು. ತನ್ನ ಅಂಗಡಿಯ ಬಾಡಿಗೆ ಬಾಕಿ ಬಿದ್ದರೆ ಅದೂ ನಸೀಬು. ಹಾಗಾದರೆ ಹರೇಕಳ ಹಾಜಬ್ಬರದ್ದು ಏನು? ಅವರಿಗೆ ಪದ್ಮಶ್ರೀ ಬಂದಾಗಲೂ "ಪುಣ್ಯವಂತ, ಅದೃಷ್ಟ ಖುಲಾಯಿಸಿತು" ಎಂದವರಿಗೆ ಬರವಿರಲಿಲ್ಲ. ಆ ಅದೃಷ್ಟದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು.

ನೇತ್ರಾವತಿಯ ದಕ್ಷಿಣ ದಡದಲ್ಲಿ ಹರೇಕಳ ಗ್ರಾಮ. ಅದರಲ್ಲಿ ನ್ಯೂಪಡ್ಪು ಎಂಬ ಊರು. ಅಲ್ಲಿನ ಹಾಜಬ್ಬ 1977ರಿಂದ ಮಂಗಳೂರಿನ ಬಸ್ ನಿಲ್ದಾಣದಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿದವರು. ಓದು ಬರಹ ಕಲಿತವರಲ್ಲ. ಬ್ಯಾರಿ, ತುಳು ಬರುತ್ತಿತ್ತು. ಹಣ್ಣಿನ ವ್ಯಾಪಾರಕ್ಕೆ ಅಷ್ಟು ಧಾರಾಳ ಸಾಕಿತ್ತು.

ಒಂದು ದಿನ ವಿದೇಶಿ ದಂಪತಿ ಬಂದು ಇಂಗ್ಲಿಷಿನಲ್ಲಿ ಹಣ್ಣಿನ ದರ ಕೇಳಿದರು. ಹಾಜಬ್ಬರಿಗೆ ಒಂದಕ್ಷರ ಅರ್ಥವಾಗಲಿಲ್ಲ. ಗಿರಾಕಿಗಳು ಸ್ವಲ್ಪ ಹೊತ್ತು ನಿಂತು ಹೊರಟು ಹೋದರು.

ಇದರಲ್ಲಿ ಏನು ಮಹಾ ಉಂಟು? ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಕೆಲವರು ಬೆರಳು ತೋರಿಸಿ ವ್ಯಾಪಾರ ಕುದುರಿಸುತ್ತಾರೆ. ಕೆಲವರು ಸಂಜೆ ಚಹಾ ಕುಡಿಯುವಾಗ ಅದನ್ನೇ ಹೇಳಿ ನಗಾಡುತ್ತಾರೆ. ಹಾಜಬ್ಬರಿಗೆ ಅದು ಚುಚ್ಚಿತು. ಆದರೆ ತಾನು ಇಂಗ್ಲಿಷ್ ಕಲಿಯಬೇಕು ಎನ್ನುವ ಕಡೆಗೆ ಅವರ ಯೋಚನೆ ಓಡಲಿಲ್ಲ. ತನ್ನೂರಿನಲ್ಲಿ ಶಾಲೆಯೇ ಇಲ್ಲವಲ್ಲ, ನಾಳೆ ಅಲ್ಲಿನ ಮಕ್ಕಳೂ ಹೀಗೇ ಬಾಯಿ ಕಟ್ಟಿ ನಿಲ್ಲಬೇಕಲ್ಲ ಎನ್ನುವ ಕಡೆಗೆ ಓಡಿತು. ನಸೀಬು ಅಂತ ಒಂದು ಇದ್ದರೆ ಅದು ಆ ದಿನ ಅವಮಾನದ ವೇಷದಲ್ಲಿ ಬಂದಿತ್ತು. ಗುರುತು ಹಿಡಿದದ್ದು ಮಾತ್ರ ಹಾಜಬ್ಬರ ಸ್ವಂತದ್ದು.

ಬುಟ್ಟಿ ಇಳಿಸಿದರೆ ಅಂದಿನ ಸಂಪಾದನೆ ಇಲ್ಲ

ಶಾಲೆ ಬೇಕು ಅಂದ ಕೂಡಲೇ ಶಾಲೆ ಆಗುತ್ತದೆಯೇ? ಅರ್ಜಿ ಬರೆಯಬೇಕು; ಬರೆಯಲು ಬಾರದವರು ಇನ್ನೊಬ್ಬರ ಕೈಯಲ್ಲಿ ಬರೆಸಬೇಕು. ಕಚೇರಿಗೆ ಅಲೆಯಬೇಕು. ಸಾಹೇಬರು ಮೀಟಿಂಗಿನಲ್ಲಿದ್ದರೆ ಕಾಯಬೇಕು, ನಾಳೆ ಬನ್ನಿ ಅಂದರೆ ನಾಳೆಯೂ ಹೋಗಬೇಕು. ಅಂಗಡಿ ಇಟ್ಟವರಿಗೆ ಇದರ ಬಿಸಿ ಬಿಡಿಸಿ ಹೇಳಬೇಕಾಗಿಲ್ಲ. ಅರ್ಧ ದಿನ ಶಟರ್ ಎಳೆದು ಲೈಸೆನ್ಸಿಗೆ ಓಡಾಡಿದರೆ ಎಷ್ಟು ಲುಕ್ಸಾನು ಎನ್ನುವುದು ಗೊತ್ತೇ ಉಂಟು. ಅಂಗಡಿಯ ಅಕ್ಕಿ ನಾಳೆಗೂ ಅಕ್ಕಿಯೇ. ಬುಟ್ಟಿಯ ಕಿತ್ತಳೆ ಹಾಗಲ್ಲ; ಬಾಡುತ್ತದೆ, ಮೆತ್ತಗಾಗುತ್ತದೆ, ಒಂದು ಕೊಳೆತರೆ ಪಕ್ಕದ್ದನ್ನೂ ಕೆಡಿಸುತ್ತದೆ. ದಿನಕ್ಕೆ ನೂರು, ನೂರೈವತ್ತು ರೂಪಾಯಿ ಉಳಿದರೆ ಹೆಚ್ಚು ಎನ್ನುವ ಮನುಷ್ಯ ಆ ಕಷ್ಟದಲ್ಲೇ ಕಚೇರಿ ಅಲೆದರು, ಒಂದೆರಡು ದಿನವಲ್ಲ, ವರ್ಷಗಟ್ಟಲೆ.

ಕೊನೆಗೆ ಕಿವಿಗೊಟ್ಟವರು ಆಗ ಉಳ್ಳಾಲದ ಶಾಸಕರಾಗಿದ್ದ ಯು.ಟಿ. ಫರೀದ್. 2000ದ ಹೊತ್ತಿಗೆ ಮಂಜೂರಾತಿ ಸಿಕ್ಕಿತು. ಮಂಜೂರಾತಿ ಅಂದರೆ ಒಂದು ಕಾಗದ ಅಷ್ಟೇ. ಜಾಗ ಎಲ್ಲಿ? ಕಟ್ಟಡ ಎಲ್ಲಿ? ಊರಿನ ಮದ್ರಸದಲ್ಲೇ ಪಾಠ ಶುರುವಾಯಿತು. ಮೊದಲು ಕುಳಿತವರು 28 ಮಕ್ಕಳು. ಆಮೇಲೆ ಹಾಜಬ್ಬ ಹಣ್ಣು ಮಾರಿ ಕೂಡಿಟ್ಟದ್ದನ್ನು ಹಾಕಿದರು, ಸಾಲ ಮಾಡಿದರು, ದಾನಿಗಳ ಬಾಗಿಲು ತಟ್ಟಿದರು. ಜಾಗವಾಯಿತು, ಗೋಡೆ ಎದ್ದಿತು. ಶಾಲೆ ಸರ್ಕಾರದ್ದು. ಆದರೂ ಅಂಗಳ ಗುಡಿಸುವುದು, ಮಕ್ಕಳಿಗೆ ನೀರು ಕಾಯಿಸಿಡುವುದು ಎಂದೆಲ್ಲ ಹಾಜಬ್ಬರೇ ಮುಂದೆ ನಿಂತು ಮಾಡಿದರು. ಇವರಿಗೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ!

ನಸೀಬಿನ ಎರಡನೇ ಸರದಿ ಇನ್ನು ಬಂತು. ಪತ್ರಿಕೆಯವರ ಕಣ್ಣಿಗೆ ಬಿದ್ದರು. 'ಕನ್ನಡಪ್ರಭ' 2004ರಲ್ಲಿ ವರ್ಷದ ವ್ಯಕ್ತಿ ಎಂದು ಆರಿಸಿತು. ಸಿಎನ್ಎನ್-ಐಬಿಎನ್ ಟೀವಿಯವರು ಐದು ಲಕ್ಷ ರೂಪಾಯಿಯ ಪ್ರಶಸ್ತಿ ಕೊಟ್ಟರು. ಒಪ್ಪಿಕೊಳ್ಳಬೇಕಾದ ಮಾತು, ಇದರಲ್ಲಿ ಅದೃಷ್ಟದ ಪಾಲು ಸಣ್ಣದಲ್ಲ. ಊರಿಗೊಂದು ರಸ್ತೆ, ಒಂದು ಕಾಲುಸಂಕ ಅಂತ ಚಪ್ಪಲಿ ಸವೆಸಿ, ಯಾವ ಪೇಪರಿನಲ್ಲೂ ಹೆಸರು ಬಾರದೆ ತೀರಿಹೋದವರು ನಮ್ಮ ನಡುವೆ ಎಷ್ಟು ಮಂದಿ ಇಲ್ಲ? ಹಾಜಬ್ಬರ ಮನೆಗೂ ಪತ್ರಕರ್ತರು ಬಾರದೇ ಇರಬಹುದಿತ್ತು. ಆದರೆ ಅವರು ಬಂದಾಗ ಅಲ್ಲಿ ತೋರಿಸಲಿಕ್ಕೆ ಒಂದು ಶಾಲೆ ಇತ್ತು. "ಕಟ್ಟಬೇಕು ಅಂತ ಆಸೆ ಉಂಟು ಸಾರ್" ಎನ್ನುವ ಮಾತಿಗೆ ಯಾರು ಫೋಟೋ ತೆಗೆಯುತ್ತಾರೆ?

ಇನ್ನೊಂದನ್ನೂ ನೋಡಬೇಕು. ಐದು ಲಕ್ಷ ಕೈಗೆ ಬಂದರೆ ಬಡ ಸಂಸಾರಿಗೆ ಹತ್ತು ದಾರಿ ಕಾಣುತ್ತದೆ. ಮನೆ ರಿಪೇರಿ ಉಂಟು, ಸಾಲ ಉಂಟು, ಕಾಯಿಲೆ ಉಂಟು. ಅದಕ್ಕೆ ಖರ್ಚು ಮಾಡಿದ್ದರೆ ತಪ್ಪೆಂದು ಯಾರೂ ಹೇಳುತ್ತಿರಲಿಲ್ಲ, ಹೇಳಲೂ ಬಾರದು. ಹಾಜಬ್ಬ ಆ ಹಣವನ್ನೂ ಶಾಲೆಗೇ ಸುರಿದರು. ಹಾಗೆ ಶಾಲೆ ಹತ್ತನೇ ತರಗತಿಯವರೆಗೆ ಬೆಳೆಯಿತು. 2020ರ ಹೊತ್ತಿಗೆ ಮಕ್ಕಳ ಸಂಖ್ಯೆ 175.

ಅದೇ 2020ರ ಜನವರಿಯಲ್ಲಿ ದಿಲ್ಲಿಯಿಂದ ಪದ್ಮಶ್ರೀಯ ಸುದ್ದಿ ಬಂದಾಗ ಹಾಜಬ್ಬ ಎಲ್ಲಿದ್ದರು ಗೊತ್ತೇ? ರೇಷನ್ ಅಂಗಡಿಯ ಕ್ಯೂನಲ್ಲಿ! ಕೊರೊನಾದ ದೆಸೆಯಿಂದ ಸಮಾರಂಭ ಮುಂದೆ ಹೋಗಿ, 2021ರ ನವೆಂಬರ್ 8ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಪದಕ ತೊಡಿಸಿದರು. ಬಿಳಿ ಪಂಚೆ, ಬಿಳಿ ಅಂಗಿ, ಬರಿಗಾಲು. ಕಿತ್ತಳೆ ಮಾರಲು ನಡೆದ ಕಾಲುಗಳೇ ರಾಷ್ಟ್ರಪತಿ ಭವನದ ಕಂಬಳಿಯ ಮೇಲೂ ನಡೆದವು.

ಪದ್ಮಶ್ರೀಯ ಜತೆ ನಗದು ಬಹುಮಾನ ಇರುವುದಿಲ್ಲ. ಪದಕ, ಸನದು ಅಷ್ಟೇ. ಆದರೆ ಪದ್ಮಶ್ರೀ ಬಂದವರ ಮಾತಿಗೆ ದೊಡ್ಡವರು ಕಿವಿಗೊಡುತ್ತಾರೆ ಎನ್ನುವುದು ಹಾಜಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಮೈಕ್ ಹಿಡಿದು ಬಂದವರೆಲ್ಲ "ಮುಂದೇನು?" ಅಂತ ಕೇಳಿದರು. ಅವರು ಕೇಳಿದ್ದು ಒಂದೇ: ಊರಿಗೊಂದು ಪಿಯು ಕಾಲೇಜು.