ತಾತನ ರಬ್ಬರ್ ಬ್ಯಾಂಡು, ಮೊಮ್ಮಗನ ಹಾಕಿ ಕಾರ್ಡು

ನಮ್ಮ ಕಾಲದಲ್ಲಿ ಯಾರನ್ನಾದರೂ ಬಸ್ಸು ಹತ್ತಿಸುವಾಗ ಹೇಳುತ್ತಿದ್ದ ಮಾತು ಒಂದೇ: ‘ತಲುಪಿದ ಕೂಡಲೇ ಒಂದು ಕಾರ್ಡು ಹಾಕಿ.’ ಹಾಗಾಗಿ ಕೆನಡಾದಲ್ಲಿರುವ ಮಗಳ ಮನೆಗೆ ಹೋದ ಮೊದಲ ದಿನವೇ ಒಂಬತ್ತು ವರ್ಷದ ಮೊಮ್ಮಗ ‘ಹಾಕಿ ಕಾರ್ಡ್ ನೋಡ್ತೀಯಾ ತಾತ?’ ಎಂದಾಗ ನನ್ನ ಹೆಂಡತಿ, ‘ಯಾರಿಗೆ ಹಾಕಬೇಕೋ ಮರಿ? ಊರಿಗೆ ಫೋನ್ ಮಾಡಿ ಆಯ್ತಲ್ಲ’ ಎಂದಳು. ಪುಟ್ಟು ನಮ್ಮಿಬ್ಬರ ಮುಖವನ್ನೂ ನೋಡಿ, ಏನೂ ಹೇಳದೆ ಒಳಗೆ ಹೋಗಿ ಒಂದು ಶೂ ಡಬ್ಬ ತಂದು ಮುಂದಿಟ್ಟ. ಅದರ ತುಂಬ ಆಟಗಾರರ ಚಿತ್ರದ ಕಾರ್ಡುಗಳು.

ಮಗಳು ಇರುವುದು ಲಂಡನ್ನಿನಲ್ಲಿ. ಹೀಗೆಂದರೆ ನಮ್ಮ ಬೀದಿಯವರು ಅರಮನೆಯ ಸುದ್ದಿ ಕೇಳುತ್ತಾರೆ. ಇದು ಆ ಲಂಡನ್ ಅಲ್ಲ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಲಂಡನ್. ತಮಾಷೆಯೆಂದರೆ ಇಲ್ಲೂ ಥೇಮ್ಸ್ ಎಂಬ ಹೆಸರಿನ ನದಿಯೇ ಹರಿಯುತ್ತದೆ. ಇನ್ನು ಹಾಕಿ ಎಂದರೆ ನಮಗೆ ಕೊಡಗು, ಹಸಿರು ಮೈದಾನ, ಒಂದೊಂದು ಮನೆತನವೂ ತಂಡ ಕಟ್ಟಿಕೊಂಡು ಆಡುವ ಪಂದ್ಯಾವಳಿ. ಅಲ್ಲಿ ಬರೀ ಹಾಕಿ ಎಂದರೆ ಹಿಮದ ಹಾಸಿನ ಮೇಲೆ, ಕಾಲಿಗೆ ಹರಿತವಾದ ಸ್ಕೇಟ್ ಕಟ್ಟಿಕೊಂಡು ಜಾರುತ್ತ ಆಡುವ ಆಟ. ಚೆಂಡಿಲ್ಲ. ಬದಲಿಗೆ ‘ಪಕ್’ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಗೋಲು ಕಾಯುವವನೂ ಸೇರಿ ಒಂದು ಕಡೆಗೆ ಆರು ಜನ.

ಕಾರ್ಡು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದ. ಮುಂದೆ ಆಟಗಾರನ ಚಿತ್ರ. ಹುಡುಗರು ನೋಡುವುದು ಅದನ್ನೇ. ನನಗೆ ಹಿಡಿಸಿದ್ದು ಹಿಂಬದಿ. ಎಷ್ಟು ಪಂದ್ಯ, ಎಷ್ಟು ಗೋಲು, ಗೋಲು ಹೊಡೆಯಲು ಸಹ ಆಟಗಾರರಿಗೆ ಪಕ್ ಒದಗಿಸಿದ್ದು ಎಷ್ಟು ಸಲ, ಎರಡೂ ಕೂಡಿದರೆ ಎಷ್ಟು ಅಂಕ. ಥೇಟು ನಮ್ಮ ಬ್ಯಾಂಕಿನ ಲೆಡ್ಜರ್ ಹಾಳೆ! ವೇಯ್ನ್ ಗ್ರೆಟ್ಸ್ಕಿ ಎಂಬ ಮಹಾ ಆಟಗಾರನ ಲೆಕ್ಕ ನೋಡಿ: 894 ಗೋಲು, ಒದಗಿಸಿದ್ದು 1963, ಒಟ್ಟು 2857. ಗೋಲಿನ ದಾಖಲೆಯನ್ನು 2025ರಲ್ಲಿ ಅಲೆಕ್ಸಾಂಡರ್ ಒವೆಚ್ಕಿನ್ ಮುರಿದ. ಆದರೆ ಗ್ರೆಟ್ಸ್ಕಿಯ ಗೋಲುಗಳನ್ನೆಲ್ಲ ಹೊಡೆದುಹಾಕಿ ಬರೀ ಒದಗಿಸಿದ್ದನ್ನೇ ಎಣಿಸಿದರೂ, ಬೇರೆ ಯಾವ ಆಟಗಾರನ ಒಟ್ಟು ಅಂಕವೂ ಅದಕ್ಕೆ ಸಮನಾಗುವುದಿಲ್ಲ. ನಾನು ಎರಡು ಸಲ ಕೂಡಿ ನೋಡಿದೆ.

ಈಗ ನನ್ನ ಅಪರಾಧದ ವಿಷಯ ಹೇಳಬೇಕು.

ಒಂದು ದಿನ ಪುಟ್ಟು ಶಾಲೆಗೆ ಹೋಗಿದ್ದ. ಹೊರಗೆ ಮಳೆ. ಡಬ್ಬದಲ್ಲಿ ಕಾರ್ಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಮೂವತ್ತೈದು ವರ್ಷ ನೋಟು ಎಣಿಸಿದ ಕೈ ಸುಮ್ಮನಿರುತ್ತದೆಯೇ? ತಂಡದ ಪ್ರಕಾರ ವಿಂಗಡಿಸಿದೆ. ಬೆರಳಿಗೆ ನೀರು ಮುಟ್ಟಿಸಿಕೊಂಡು ಸರಸರ ಎಣಿಸಿದೆ. ಹತ್ತು ಹತ್ತರ ಕಟ್ಟು ಮಾಡಿ, ಅಡುಗೆಮನೆಯ ಡ್ರಾಯರಿನಿಂದ ರಬ್ಬರ್ ಬ್ಯಾಂಡ್ ತಂದು ಬಿಗಿಯಾಗಿ ಎರಡೆರಡು ಸುತ್ತು ಹಾಕಿದೆ. ಸಂಜೆ ಮೊಮ್ಮಗ ಬಂದು ಶಹಬಾಸ್ ಎನ್ನುತ್ತಾನೆಂದು ಕಾದೆ.

ಅವನು ಡಬ್ಬ ತೆರೆದವನು ಮಾತೇ ಆಡಲಿಲ್ಲ. ಒಂದೊಂದೇ ಬ್ಯಾಂಡು ಬಿಡಿಸಿದ. ಕಟ್ಟಿನ ಮೇಲಿನ ಕಾರ್ಡು, ಕೆಳಗಿನ ಕಾರ್ಡು, ಎರಡರ ಅಂಚಿನಲ್ಲೂ ಬ್ಯಾಂಡು ಕಚ್ಚಿದ ಗುರುತು. ಮೂಲೆಗಳು ಬಾಗಿದ್ದವು. ಅದರಲ್ಲೊಂದನ್ನು ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಪಕ್ಕದ ಮನೆಯ ಗೆಳೆಯನೊಬ್ಬ ಅಪ್ಪನಿಗೆ ವರ್ಗವಾಗಿ ಊರು ಬಿಡುವ ದಿನ ಕೊಟ್ಟುಹೋದ ಕಾರ್ಡಂತೆ ಅದು. ಮಗಳು ಆಮೇಲೆ ಹೇಳಿದಳು. ನೋಟಿಗೆ ಪಿನ್ನು ಹೊಡೆಯಬೇಡಿ, ಕಾಗದದ ಪಟ್ಟಿ ಸುತ್ತಿ ಎಂದು ರಿಸರ್ವ್ ಬ್ಯಾಂಕು ನಮಗೆ ಎಷ್ಟು ಸಲ ತಿಳಿಹೇಳಿತ್ತು! ಕಲಿತ ಬುದ್ಧಿ ಬೇಕಾದಾಗ ಬರಲಿಲ್ಲ. ಅಂದು ರಾತ್ರಿ ಅವನು ಮೊಸರನ್ನಕ್ಕೂ ಏಳಲಿಲ್ಲ.

ಮರುದಿನ ಅಳಿಯಂದಿರೊಡನೆ ಕಾರ್ಡಿನ ಅಂಗಡಿಗೆ ಹೋದೆ. ಅಂಗಡಿಯವರೂ ನನ್ನ ವಯಸ್ಸಿನವರೇ. ‘ಬಾಗಿದ ಮೂಲೆಯನ್ನು ಕತ್ತರಿಯಿಂದ ಒಂದು ಕೂದಲೆಳೆಯಷ್ಟು ಸವರಿದರೆ?’ ಎಂದು ಕೇಳಿದೆ. ಅವರು ಬೆಚ್ಚಿಬಿದ್ದರು. ಕಾರ್ಡಿನ ಲೋಕದಲ್ಲಿ ಅದಕ್ಕಿಂತ ದೊಡ್ಡ ಮೋಸ ಇಲ್ಲವಂತೆ. ನಾನು ಖೋಟಾ ನೋಟು ತಂದವನ ಹಾಗೆ ನಿಂತಿದ್ದೆ. ಆಮೇಲೆ ಅವರೇ ನಕ್ಕು, ಇಲ್ಲಿನ ಹುಡುಗರೂ ಹಿಂದೆ ಕಾರ್ಡುಗಳಿಗೆ ಹೀಗೇ ರಬ್ಬರ್ ಬ್ಯಾಂಡು ಬಿಗಿಯುತ್ತಿದ್ದರು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಸೈಕಲ್ ಚಕ್ರದ ಕಡ್ಡಿಗೆ ತಾಗುವಂತೆ ಸಿಕ್ಕಿಸಿ ಟರಟರ ಶಬ್ದ ಮಾಡಿಸುತ್ತಿದ್ದರು ಎಂದು ಸಮಾಧಾನ ಹೇಳಿದರು. ಹಾಗೆ ಹಾಳಾದದ್ದರಿಂದಲೇ ಉಳಿದ ಹಳೆಯ ಕಾರ್ಡಿಗೆ ಬೆಲೆ.

ಮಕ್ಕಳೇ, ಈ ಕಾರ್ಡುಗಳು ಮೊದಲು ಬಂದದ್ದು ಎಲ್ಲಿಂದ ಗೊತ್ತೇ? ಸಿಗರೇಟ್ ಪ್ಯಾಕಿನಿಂದ! 1910ರ ಸುಮಾರಿಗೆ ಕೆನಡಾದ ತಂಬಾಕು ಕಂಪನಿಯೊಂದು ಪ್ಯಾಕಿನೊಳಗೆ ಹಾಕಿ ಆಟಗಾರರ ಚಿತ್ರ ಇಟ್ಟು ಮಾರಿತು. ಸೇದುವವರು ಅಪ್ಪಂದಿರು, ಚಿತ್ರಕ್ಕೆ ಕೈಯೊಡ್ಡುವವರು ಮಕ್ಕಳು. ಇದನ್ನು ಕೇಳಿ ನನಗೆ ನಮ್ಮ ಬೀದಿ ನೆನಪಾಯಿತು. ನಾವೂ ಖಾಲಿ ಸಿಗರೇಟ್ ಪ್ಯಾಕು ಹೆಕ್ಕಿ, ಮುಖಭಾಗ ಹರಿದುಕೊಂಡು, ಒಂದೊಂದು ಹೆಸರಿಗೆ ಒಂದೊಂದು ಬೆಲೆ ಕಟ್ಟಿ, ಚಪ್ಪಟೆ ಕಲ್ಲು ಎಸೆದು ಆಡುತ್ತಿದ್ದೆವು. ಬೆಂಕಿಪೊಟ್ಟಣದ ಚಿತ್ರವೂ ಹಾಗೆಯೇ. ಅಮ್ಮ ಕಂಡರೆ ಒಲೆಗೆ ಹೋಗುತ್ತಿದ್ದವು. (ಸಿಗರೇಟು ಮಾತ್ರ ನಾನು ಮುಟ್ಟಲಿಲ್ಲ.)

ಆಮೇಲೆ ಸಿಗರೇಟಿನ ಜಾಗಕ್ಕೆ ಬಬಲ್ ಗಮ್ ಬಂತು. ಅದರಲ್ಲಿ ದೊಡ್ಡ ಹೆಸರು ಇದೇ ಲಂಡನ್ನಿನಲ್ಲಿ 1911ರಲ್ಲಿ ಶುರುವಾದ ‘ಓ-ಪೀ-ಚೀ’ ಕಂಪನಿಯದು. ವಿಚಿತ್ರ ಹೆಸರು, ಅಲ್ಲವೇ? ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯಲ್ಲಿ ಅದು ರಾಬಿನ್ ಹಕ್ಕಿಯ ಹೆಸರು. 1933ರಿಂದ ಈ ಕಂಪನಿ ಹಾಕಿ ಕಾರ್ಡು ತಂದಿತು. ಅದರ 1979ರ ಸರಣಿಯ 18ನೇ ನಂಬರಿನ ಕಾರ್ಡಿನಲ್ಲಿ ಇರುವವನು ಆಗ ತಾನೇ ಹದಿನೆಂಟು ತುಂಬಿದ ಗ್ರೆಟ್ಸ್ಕಿ. ಲಂಡನ್ನಿನಿಂದ ಒಂದು ಗಂಟೆ ದಾರಿಯ ಬ್ರ್ಯಾಂಟ್‌ಫರ್ಡ್ ಊರಿನ ಹುಡುಗ. ಗಮ್ಮಿನ ಜತೆ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಆ ಕಾರ್ಡಿನ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಅಮೆರಿಕನ್ ಡಾಲರಿಗೆ ಮಾರಾಟವಾಯಿತು!

ಅಂಥದ್ದೇನಿದೆ ಅದರಲ್ಲಿ? ಆ ಕಾರ್ಡಿನ ಸುತ್ತ ನೀಲಿ ಅಂಚು. ಸ್ವಲ್ಪ ಉಜ್ಜಿದರೂ ಬಣ್ಣ ಉದುರಿ ಬಿಳಿ ಕಾಣುತ್ತದೆ. ಅಲ್ಲದೆ ಕಾರ್ಖಾನೆಯಲ್ಲಿ ದೊಡ್ಡ ಹಾಳೆಯನ್ನು ತಂತಿಯಿಂದ ಕೊಯ್ಯುತ್ತಿದ್ದರಿಂದ ಅಂಚು ಹುಟ್ಟುವಾಗಲೇ ಒರಟು. ಚಿತ್ರ ನಡುವಿನಲ್ಲಿದೆಯೇ, ಮೂಲೆ ಚೂಪೇ, ಅಂಚು ನೆಟ್ಟಗಿದೆಯೇ, ಮೈಮೇಲೆ ಗೀರಿದೆಯೇ ಎಂದು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಡುವ ಸಂಸ್ಥೆಗಳಿವೆ. ಹತ್ತಕ್ಕೆ ಹತ್ತು ಬಂದ ಆ ಕಾರ್ಡುಗಳು ಆ ಮಾರಾಟದ ಹೊತ್ತಿಗೆ ಎರಡೇ ಎರಡು.

ಇದನ್ನು ಓದಿ ಅಟ್ಟ ಹತ್ತಬೇಡಿ. 1990ರ ಸುಮಾರಿಗೆ ಜನ ಕಾರ್ಡೆಂದರೆ ಸೈಟು ಕೊಂಡಂತೆ ಎಂದು ಪೆಟ್ಟಿಗೆಗಟ್ಟಲೆ ಕೊಂಡು, ಒಡೆಯದೆ ಇಟ್ಟರು. ಕಂಪನಿಗಳೂ ಮೇಲಿಂದ ಮೇಲೆ ಅಚ್ಚು ಹಾಕಿದವು. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲವೂ ಉಳಿಯಿತು. ಇವತ್ತು ಅವಕ್ಕೆ ಗಿರಾಕಿ ಇಲ್ಲ. ಅಂಗಡಿಯ ಮೂಲೆಯಲ್ಲಿ ಅಂಥ ಡಬ್ಬಗಳನ್ನು ಹಳೇ ಪೇಪರಿನ ಹಾಗೆ ಪೇರಿಸಿಟ್ಟಿದ್ದರು.

ಪುಟ್ಟುವಿನ ಕಾರ್ಡಿನಂಥದೇ ಇನ್ನೊಂದು ಸಿಗುತ್ತದೆಯೇ ಎಂದೆ. ಒಂದು ಡಾಲರಿಗೆ ಹೊಚ್ಚ ಹೊಸದು ಸಿಕ್ಕಿತು. ಬ್ಯಾಂಕಿನಲ್ಲಿ ಹರಿದ ನೋಟಿಗೆ ಹೊಸ ನೋಟು ಕೊಟ್ಟರೆ ಲೆಕ್ಕ ಚುಕ್ತಾ. ನಾನೂ ಹಾಗೆಂದೇ ತಿಳಿದೆ. ಪುಟ್ಟು ಅದನ್ನು ತಿರುಗಿಸಿ ನೋಡಿ, ‘ಚೆನ್ನಾಗಿದೆ ತಾತ. ಆದ್ರೆ ಇದು ಅವನು ಕೊಟ್ಟಿದ್ದಲ್ವಲ್ಲ’ ಎಂದ. ಮೂಲೆ ಬಾಗಿದ್ದನ್ನೇ ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಮೇಜಿನ ಮೇಲೆ ನಿಲ್ಲಿಸಿದ. ನನ್ನದು ಬದಲಾಯಿಸಿಕೊಳ್ಳಲು ಇರುವ ಹೆಚ್ಚುವರಿಗಳ ಜತೆ ಹೋಯಿತು. ನಾನು ಕನ್ನಡಕ ಒರೆಸಿಕೊಳ್ಳುತ್ತ ಕೂತೆ.

ಕಾರ್ಡಲ್ಲದೆ ಸ್ಟಿಕ್ಕರಿನ ಆಲ್ಬಮ್ ಕೂಡ ಅವನ ಹತ್ತಿರ ಇದೆ. ಪುಸ್ತಕದಲ್ಲಿ ನಂಬರು ಹಾಕಿದ ಖಾಲಿ ಚೌಕಗಳು. ಪೊಟ್ಟಣ ಕೊಂಡು, ಒಳಗೆ ಬಂದದ್ದನ್ನು ಅಂಟಿಸಬೇಕು. ಈ ಹುಚ್ಚನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಇಟಲಿಯ ಮೊಡೆನಾ ಊರಿನ ಪನೀನಿ ಸಹೋದರರು, 1961ರಲ್ಲಿ ಶುರುಮಾಡಿ. ಅವರದು ಮುಖ್ಯವಾಗಿ ಫುಟ್‌ಬಾಲ್. ಕಾರ್ಡನ್ನಾದರೆ ಮತ್ತೆ ಕೊಡಬಹುದು, ಸ್ಟಿಕ್ಕರು ಅಂಟಿಸಿದರೆ ಮುಗಿಯಿತು. ಅದಕ್ಕೇ ಪುಟ್ಟು ಉಸಿರು ಬಿಗಿಹಿಡಿದು ಅಂಟಿಸುತ್ತಾನೆ.

ನಿಜವಾದ ಆಲ್ಬಮ್ಮಿನಲ್ಲಿ ನೂರಾರು ಚೌಕ ಇರುತ್ತವೆ. ಸುಲಭಕ್ಕೆ ನೂರು ಎಂದುಕೊಳ್ಳಿ. ಎಲ್ಲ ಸ್ಟಿಕ್ಕರೂ ಸಮವಾಗಿ ಬೆರೆತಿವೆ, ನೀವು ಯಾರೊಡನೆಯೂ ಬದಲಾಯಿಸಿಕೊಳ್ಳುವುದಿಲ್ಲ. ಎಷ್ಟು ಕೊಂಡರೆ ತುಂಬೀತು? ಮೊದಲ ಐವತ್ತಕ್ಕೆ ಸುಮಾರು 69 ಸಾಕು. ಆಹಾ, ಬೇಗ ಆಯಿತು ಎನಿಸುತ್ತದೆ. ಉಳಿದ ಐವತ್ತಕ್ಕೆ ಸರಾಸರಿ ಇನ್ನೂ 450 ಬೇಕು! ಒಟ್ಟು 519. ಕಟ್ಟಕಡೆಯ ಒಂದೇ ಒಂದು ಚೌಕ ಖಾಲಿ ಉಳಿದಾಗ, ಹೊಸದಾಗಿ ತೆಗೆದ ಸ್ಟಿಕ್ಕರು ನಿಮಗೆ ಬೇಕಾದದ್ದೇ ಆಗುವ ಅವಕಾಶ ನೂರರಲ್ಲಿ ಒಂದು. ಅಂದರೆ ಅದೊಂದಕ್ಕೇ ಸರಾಸರಿ ನೂರು. ಈ ಲೆಕ್ಕವನ್ನು ಲಕೋಟೆಯ ಹಿಂದೆ ಬರೆದು ತೋರಿಸಿದಾಗ ಪುಟ್ಟು ಮೊದಲ ಸಲ ನನ್ನನ್ನು ಗೌರವದಿಂದ ನೋಡಿದ. ‘ಹಾಗಾದ್ರೆ ಪ್ಯಾಕ್ ತಗೊಳ್ಳೋಕಿಂತ ಟ್ರೇಡ್ ಮಾಡ್ಬೇಕು’ ಎಂದ. ನನಗೂ ಅದೇ ಬೇಕಿತ್ತು. ಏಕೆಂದರೆ ಅಲ್ಲಿನ ಟಿಮ್ ಹಾರ್ಟನ್ಸ್ ಕಾಫಿ ಅಂಗಡಿಗಳಲ್ಲಿ ಶರತ್ಕಾಲದಲ್ಲಿ ಪಾನೀಯದ ಜತೆ ಹಾಕಿ ಕಾರ್ಡಿನ ಪೊಟ್ಟಣ ಸಿಗುತ್ತದೆ. (ಟಿಮ್ ಹಾರ್ಟನ್ ಎಂಬುವನು ಸ್ವತಃ ಹಾಕಿ ಆಟಗಾರ, 1964ರಲ್ಲಿ ಆ ಅಂಗಡಿ ಶುರುಮಾಡಿದ.) ಮೊಮ್ಮಗನ ಸಲುವಾಗಿ ಕುಡಿದೂ ಕುಡಿದೂ ನನ್ನ ನಿದ್ದೆ ಕೆಟ್ಟಿತ್ತು.

ಆ ಕಾಫಿ ಕಾರ್ಡುಗಳು ಯಾವುವು ಬಂದಿವೆ, ಯಾವುವು ಬಾಕಿ ಎಂದು ಪಟ್ಟಿ ಬೇಕಲ್ಲ? ಸರಣಿಯ ಪಟ್ಟಿಯನ್ನೇ ಅಚ್ಚು ಹಾಕಿದ ಕಾರ್ಡೊಂದು ಡಬ್ಬದಲ್ಲಿತ್ತು. ನಾನು ಬಾಲ್ ಪೆನ್ನು ತೆಗೆದೆ. ಪುಟ್ಟು ಗಪ್ಪನೆ ಕೈ ಹಿಡಿದ. ಹಳೆಯ ಪಟ್ಟಿ ಕಾರ್ಡುಗಳಲ್ಲಿ ಹುಡುಗರು ಟಿಕ್ ಹಾಕದೆ ಬಿಟ್ಟದ್ದಕ್ಕೇ ಈಗ ಹೆಚ್ಚು ಬೆಲೆಯಂತೆ! ಸರಿ, ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ‘ಬೇಕು’, ‘ಹೆಚ್ಚು’ ಎಂದು ಎರಡು ಕಲಮು ಮಾಡಿ, ಅಭ್ಯಾಸಬಲದಿಂದ ಕನ್ನಡ ಅಂಕಿಯಲ್ಲಿ ಬರೆದೆ: ೧೨, ೧೮, ೩೬...

ಅವನ ಶಾಲೆಗೆ ಕಾರ್ಡು ತರುವಂತಿಲ್ಲ. ವ್ಯವಹಾರವೆಲ್ಲ ಶನಿವಾರ ಮಧ್ಯಾಹ್ನ, ಸ್ಕೇಟಿಂಗ್ ಅಂಗಳದ ಹೊರಗಿನ ಬೆಂಚಿನ ಮೇಲೆ. ಅಲ್ಲಿ ನಿಮಗೆ ಏನು ಬೇಕೆಂದು ಎದುರಿನವನಿಗೆ ಗೊತ್ತಾದರೆ ಒಂದಕ್ಕೆ ಮೂರು ಕೇಳುತ್ತಾನೆ. ಪುಟ್ಟುವಿನ ಪುಸ್ತಕಕ್ಕೆ ಎಷ್ಟು ಕತ್ತು ಚಾಚಿದರೂ ಯಾರಿಗೂ ಏನೂ ತಿಳಿಯಲಿಲ್ಲ! ಅಕ್ಷರ ಕಲಿಸಲು ಮಗಳು ಎರಡು ವರ್ಷದಿಂದ ಬೆನ್ನು ಹತ್ತಿದ್ದಳು, ಆಗಿರಲಿಲ್ಲ. ಅಂಕಿಗಳನ್ನು ಅವನು ಎರಡು ಸಂಜೆಯಲ್ಲಿ ಕಲಿತ. ೬ ಮತ್ತು ೭ ಮಾತ್ರ ಕೈಕೊಟ್ಟವು. ೩೬ ತರಲು ಹೋದವನು ೩೭ ತಂದ, ಅದೂ ಎರಡು ಕಾರ್ಡು ಕೊಟ್ಟು. ‘ಬಾಲ ಇದ್ರೆ ಆರು, ಇಲ್ದಿದ್ರೆ ಏಳು’ ಎಂದು ಅಲ್ಲಿಂದ ಮನೆಯವರೆಗೂ ಹೇಳಿಕೊಂಡು ಬಂದ.

ಫೆಬ್ರವರಿಯಲ್ಲಿ ನಾವು ವಾಪಸು ಬಂದೆವು. ಪಟ್ಟಿಯ ಒಂದು ನಕಲು ನನ್ನ ಬಳಿ ಇದೆ. ನಮಗೆ ಭಾನುವಾರ ಬೆಳಗಾಗುವಾಗ ಅವರಿಗೆ ಶನಿವಾರ ರಾತ್ರಿ. ಫೋನಿನಲ್ಲಿ ಕ್ಷೇಮ ಸಮಾಚಾರಕ್ಕಿಂತ ಮೊದಲು ನಂಬರು ಬರುತ್ತದೆ, ನಾನು ಟಿಕ್ ಹಾಕುತ್ತೇನೆ. ಕಳೆದ ವಾರದ ಕೊನೆಗೆ ಬಾಕಿ ಉಳಿದದ್ದು ಮೂರು: ೧೨, ೬೩, ೮೮. ಈ ಭಾನುವಾರಕ್ಕೆಂದು ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.